ಊರಿಗೆ ಬಾರದ ಸ್ಟೀರಿಯೋ

ಗಲ್ಫಿನಿಂದ ನಮ್ಮ ಕರಾವಳಿಗೆ ಬಂದ ಹಾಡಿನ ಪೆಟ್ಟಿಗೆ ಯಾವುದು ಎಂದು ಕೇಳಿದರೆ ಭಟ್ಕಳದಿಂದ ಕಾಸರಗೋಡಿನ ತನಕ ಎಲ್ಲರದೂ ಒಂದೇ ಉತ್ತರ: ಟೂ-ಇನ್-ವನ್. ರೇಡಿಯೋ, ಕ್ಯಾಸೆಟ್ ಎರಡೂ ಒಂದರಲ್ಲೇ, ಮೇಲೊಂದು ಹಿಡಿಕೆ, ಕೈಯಲ್ಲಿ ಎತ್ತಿಕೊಂಡೇ ವಿಮಾನ ಹತ್ತಬಹುದು. ನ್ಯಾಷನಲ್ ಪ್ಯಾನಸೋನಿಕ್, ಸಾನ್ಯೋ, ಶಾರ್ಪ್ ಎಂಬ ಹೆಸರುಗಳನ್ನು ನಮ್ಮ ಹಿರಿಯರು ಕಲಿತದ್ದೇ ಅದರ ಮುಂಭಾಗದ ಅಕ್ಷರಗಳಿಂದ. ಬೊಂಬಾಯಿಯ ಕಸ್ಟಮ್ಸ್ ದಾಟಿ, ರಾತ್ರಿ ಬಸ್ಸಿನಲ್ಲಿ ಯಾರದೋ ಮಡಿಲಲ್ಲಿ ಕೂತು ಬಂದು, ಕೊನೆಗೆ ಚಾವಡಿಯ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ನಿಂತ ಅದನ್ನು ನೋಡದೆ ಎಂಬತ್ತರ ದಶಕದ ಬಾಲ್ಯ ಕಳೆದವರು ನಮ್ಮ ಕಡೆ ಕಡಿಮೆ.

ಅದೇ ಕಾಲದಲ್ಲಿ ಮಸ್ಕತ್ತಿನ, ದುಬೈಯ, ಕುವೈತಿನ ಅಂಗಡಿಗಳಲ್ಲಿ ಗಾಜಿನ ಹಿಂದೆ ಇನ್ನೊಂದು ಯಂತ್ರವಿತ್ತು. ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಮುಖ, ಮರದ ಮೈ, ಉದ್ದಕ್ಕೂ ಬೆಳಗುವ ಡಯಲ್, ಬೆರಳಿಗೆ ತಣ್ಣಗೆ ತಾಗುವ ದಪ್ಪ ಗುಂಡಿಗಳು. ಸ್ಟೀರಿಯೋ ರಿಸೀವರ್. ಅದು ಊರಿಗೆ ಬರಲಿಲ್ಲ. ಹನ್ನೆರಡು ಹದಿಮೂರು ಕಿಲೋ ತೂಗುವ ಡಬ್ಬಿ, ಅದಕ್ಕೆ ಬೇರೆಯಾಗಿ ಎರಡು ಸ್ಪೀಕರ್. ಇಪ್ಪತ್ತು ಮೂವತ್ತು ಕಿಲೋ ಲಗೇಜಿನ ಲೆಕ್ಕದಲ್ಲಿ ಅಕ್ಕನ ಮದುವೆಯ ಸೀರೆಗೂ ಅಮ್ಮನ ಬ್ಲಾಂಕೆಟ್ಟಿಗೂ ಆಮೇಲೆ ಜಾಗವೇ ಉಳಿಯುತ್ತಿರಲಿಲ್ಲ. ಹಾಗಾಗಿ ಅದನ್ನು ಕೊಂಡವರು ಇಲ್ಲೇ, ಗಲ್ಫಿನಲ್ಲೇ, ಇಟ್ಟು ಇಲ್ಲೇ ಕೇಳಿದರು. ಕೆಲಸ ಮುಗಿಸಿ ಹೋಗುವಾಗ ಇಲ್ಲೇ ಬಿಟ್ಟು ಹೋದರು.

ಬಿಟ್ಟು ಹೋದ ಅಂಥದ್ದೊಂದು ನನ್ನ ಕೈಗೆ ಬಂದದ್ದು ಮಸ್ಕತ್ತಿನ ರುವಿಯಲ್ಲಿ. ಎಣ್ಣೆ ಕಂಪನಿಯಲ್ಲಿ ದುಡಿದು ನಿವೃತ್ತರಾದ ಮಂಗಳೂರಿನ ಹಿರಿಯರೊಬ್ಬರು, ನಾವೆಲ್ಲ ಅಂಕಲ್ ಎಂದೇ ಕರೆಯುವವರು, ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟಿದ್ದರು. ಮನೆಯ ಸಾಮಾನೆಲ್ಲ ಹಂಚಿ ಆಗಿತ್ತು. ಫ್ರಿಜ್ಜು ಒಬ್ಬರಿಗೆ, ಮಂಚ ಇನ್ನೊಬ್ಬರಿಗೆ. ಕಪಾಟಿನ ಕೆಳಗಿನ ಖಾನೆಯಲ್ಲಿ ಅದೊಂದು ಉಳಿದಿತ್ತು: ಪಯೋನಿಯರ್ ಎಸ್‌ಎಕ್ಸ್-780. ಎಪ್ಪತ್ತರ ದಶಕದ ಕೊನೆಯಲ್ಲಿ ಇಲ್ಲಿನದೇ ಮತ್ರಾದ ಅಂಗಡಿಯೊಂದರಲ್ಲಿ ಎರಡು ತಿಂಗಳ ಸಂಬಳ ಕೊಟ್ಟು ತಂದದ್ದಂತೆ. "ಇದನ್ನ ಎಸೀಲಿಕ್ಕೆ ಮನಸ್ಸು ಬರೂದಿಲ್ಲ. ಎಡದ ಬದಿ ಸ್ವರ ಬರೂದಿಲ್ಲ, ಲೈಟೂ ಹೋಗಿದೆ. ನಿನಗೆ ಬೇಕಿದ್ರೆ ತಕೊಂಡು ಹೋಗು ಮಾರಾಯ್ತಿ" ಎಂದರು. ಆಂಟಿ ಒಂದು ಹಳೇ ಬೆಡ್‌ಶೀಟ್ ತಂದು ಅದಕ್ಕೆ ಸುತ್ತಿದರು.

ಈ ಯಂತ್ರಗಳ ಕಥೆಯನ್ನು ಸ್ವಲ್ಪ ಹೇಳಬೇಕು. ರೇಡಿಯೋ ಹಿಡಿಯುವ ಟ್ಯೂನರ್, ಸಣ್ಣ ದನಿಯನ್ನು ತಿದ್ದುವ ಪ್ರಿ-ಆಂಪ್ಲಿಫೈಯರ್, ಸ್ಪೀಕರನ್ನು ದುಡಿಸುವ ಪವರ್ ಆಂಪ್ಲಿಫೈಯರ್, ಈ ಮೂರೂ ಒಂದೇ ಡಬ್ಬಿಯಲ್ಲಿದ್ದರೆ ಅದು ರಿಸೀವರ್. ಅಮೆರಿಕದಲ್ಲಿ 1961ರಲ್ಲಿ ಎಫ್‌ಎಂ ಸ್ಟೀರಿಯೋ ಪ್ರಸಾರಕ್ಕೆ ಒಪ್ಪಿಗೆ ಸಿಕ್ಕ ಮೇಲೆ ಇವಕ್ಕೆ ಬೆಲೆ ಬಂತು. ಮುಂದಿನ ದಶಕದಲ್ಲಿ ಜಪಾನಿನ ಪಯೋನಿಯರ್, ಸಾನ್ಸೂಯಿ, ಕೆನ್‌ವುಡ್, ಯಮಾಹಾ, ಟೆಕ್ನಿಕ್ಸ್, ಜೊತೆಗೆ ಅಮೆರಿಕದ ಹೆಸರಿನ ಮರಾಂಟ್ಜ್, ವರ್ಷ ವರ್ಷವೂ ಒಬ್ಬರನ್ನೊಬ್ಬರು ಮೀರಿಸುವ ಹಟಕ್ಕೆ ಬಿದ್ದವು. ವಾಟ್ ಲೆಕ್ಕದಲ್ಲಿ ಸುಳ್ಳು ಹೇಳುವುದು ಆಗ ಮಾಮೂಲಾಗಿತ್ತು. 1974ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅಳೆಯುವ ನಿಯಮ ತಂದ ಮೇಲೆ ಆ ಸುಳ್ಳು ನಿಂತಿತು. ನಿಯಮ ಬಂದ ಮೇಲೆ ತಯಾರಕರಿಗೆ ನಿಜವಾಗಿಯೂ ದೊಡ್ಡ ಟ್ರಾನ್ಸ್‌ಫಾರ್ಮರ್ ಹಾಕದೆ ಬೇರೆ ದಾರಿ ಇರಲಿಲ್ಲ. 1978ರ ಪಯೋನಿಯರ್ ಎಸ್‌ಎಕ್ಸ್-1980 ಒಂದೊಂದು ಚಾನೆಲ್ಲಿಗೆ 270 ವಾಟ್ ಕೊಡುತ್ತಿತ್ತು, 35 ಕಿಲೋ ತೂಗುತ್ತಿತ್ತು. ಅದೇ ವರ್ಷ ಬಂದ ನನ್ನ 780ರದು 45 ವಾಟ್. ಒಂದು ಮನೆಗೆ ಅದು ಬೇಕಾದ್ದಕ್ಕಿಂತ ಹೆಚ್ಚೇ.

ನನಗೆ ಬೆಸುಗೆ ಹಾಕಿ ಗೊತ್ತಿರಲಿಲ್ಲ. ಮಲ್ಟಿಮೀಟರ್ ಮುಟ್ಟಿರಲಿಲ್ಲ. ಆದರೆ ಕುಂದಾಪುರದಲ್ಲಿ ಒಬ್ಬ ಸೋದರಮಾವ ಇದ್ದಾರೆ. ಬಸ್ ನಿಲ್ದಾಣದ ಹತ್ತಿರದ ಸಣ್ಣ ಕೋಣೆಯಲ್ಲಿ ಬಹಳ ವರ್ಷ ರೇಡಿಯೋ ರಿಪೇರಿ ಮಾಡಿದವರು. ಮರ್ಫಿ, ಬುಷ್, ಫಿಲಿಪ್ಸ್ ವಾಲ್ವ್ ಸೆಟ್ಟುಗಳ ಕಾಲದಿಂದ, ಬೆಂಗಳೂರಿನ ಬಿಇಎಲ್ ಮಾಡುತ್ತಿದ್ದ ಎಸಿ128 ಟ್ರಾನ್ಸಿಸ್ಟರುಗಳ ಕಾಲದ ಮೂಲಕ, ಗಲ್ಫಿನ ಟೂ-ಇನ್-ವನ್‌ಗಳ ಕಾಲದವರೆಗೆ ಅವರ ಕೈ ನಡೆದಿದೆ. ಜಪಾನಿನವರ ಸರ್ಕೀಟನ್ನು ಅವರು ಕಲಿತದ್ದು ಮಸ್ಕತ್ತಿನಿಂದ, ದುಬೈಯಿಂದ ಬಂದು ಬೆಲ್ಟು ಕರಗಿಸಿಕೊಂಡು ಅವರ ಮೇಜಿನ ಮೇಲೆ ಬಿದ್ದ ಸೆಟ್ಟುಗಳಿಂದಲೇ. ನಾನು ವಿಡಿಯೋ ಕಾಲ್ ಮಾಡಿ ರಿಸೀವರಿನ ಹೊಟ್ಟೆ ತೋರಿಸಿದಾಗ ಅವರು ತುಂಬ ಹೊತ್ತು ಮಾತಾಡದೆ ನೋಡಿದರು. ಆಮೇಲೆ, "ಎಷ್ಟು ಚಂದ ಮಾಡಿದ್ದಾರೆ ಮಾರಾಯ್ತಿ! ಇಂಥದ್ದು ನಮ್ಮ ಕಡೆ ಒಂದೂ ಬರ್ಲಿಲ್ಲ" ಎಂದರು.

ಅವರು ಹೇಳಿದ ಮೊದಲನೇ ಪಾಠ ಸೀರೀಸ್ ಬಲ್ಬಿನದು. ಹಳೇ ಸೆಟ್ಟನ್ನು ಸೀದಾ ಕರೆಂಟಿಗೆ ಹಾಕಬಾರದು. ಫೇಸ್ ತಂತಿಯ ನಡುವೆ ಒಂದು ಹೋಲ್ಡರ್ ಇಟ್ಟು ತಂತಿ ಸುರುಳಿಯ ಹಳೇ ಬಲ್ಬೊಂದನ್ನು ಕೂರಿಸಬೇಕು, ಎಲ್‌ಇಡಿ ನಡೆಯುವುದಿಲ್ಲ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಹೊರೆಯನ್ನೆಲ್ಲ ತಾನು ಹೊತ್ತು ಸೆಟ್ಟನ್ನು ಉಳಿಸುತ್ತದೆ. ಶಾರ್ಟ್ ಇಲ್ಲದಿದ್ದರೆ ಕಂಡೆನ್ಸರುಗಳು ತುಂಬುವ ಆ ಒಂದು ಕ್ಷಣ ಮಿನುಗಿ ಮಂಕಾಗುತ್ತದೆ. ಸಾವಿರಾರು ರೂಪಾಯಿಯ ಉಪಕರಣ ಮಾಡುವ ಕೆಲಸವನ್ನು ಒಂದು ಬಲ್ಬು ಮಾಡುತ್ತದೆ. ನಮ್ಮ ಊರುಗಳ ರೇಡಿಯೋ ಅಂಗಡಿಗಳಲ್ಲಿ ಗೋಡೆಗೆ ಮೊಳೆ ಹೊಡೆದು ಕೂರಿಸಿದ ಸೀರೀಸ್ ಬೋರ್ಡ್ ಇಲ್ಲದ ಅಂಗಡಿ ಇರಲಿಲ್ಲ. ಹೊಸತಾಗಿ ಕಲಿಯುವವರಿಗೆ ನಾನು ಬೇರೇನನ್ನು ಹೇಳದಿದ್ದರೂ ಇದೊಂದನ್ನು ಹೇಳುತ್ತೇನೆ.

ಅದಕ್ಕೂ ಮುಂಚೆ ನೋಡಬೇಕಾದ್ದು ಹಿಂಬದಿಯ ವೋಲ್ಟೇಜ್ ಸ್ವಿಚ್. ಒಮಾನಿನ ಕರೆಂಟು 240 ವೋಲ್ಟ್. ಅಮೆರಿಕಕ್ಕೆಂದು ಮಾಡಿದ ರಿಸೀವರು 120ರದು. ಅದನ್ನು ಇಲ್ಲಿನ ಸಾಕೆಟ್ಟಿಗೆ ಹಾಕಿದರೆ ಟ್ರಾನ್ಸ್‌ಫಾರ್ಮರ್ ಉಳಿಯುವುದಿಲ್ಲ. ಗಲ್ಫಿಗೆ ಬರುತ್ತಿದ್ದ ಮಾದರಿಗಳ ಬೆನ್ನಿಗೆ 110ರಿಂದ 240ರವರೆಗೆ ತಿರುಗಿಸಬಹುದಾದ ಒಂದು ಗುಂಡಿ ಇರುತ್ತಿತ್ತು, ಎಲ್ಲಿಂದಲೋ ಬಂದವರು ಎಲ್ಲಿಗೋ ಹೊತ್ತುಕೊಂಡು ಹೋಗುವ ಊರುಗಳಿಗಾಗಿಯೇ ಮಾಡಿದ ಹಾಗೆ. ಅಂಕಲ್ಲಿನ ಸೆಟ್ಟಿನಲ್ಲಿ ಅದು 240ರಲ್ಲೇ ನಿಂತಿತ್ತು. ಕೊಂಡ ದಿನ ಅಂಗಡಿಯವನು ತಿರುಗಿಸಿಟ್ಟದ್ದು ಮತ್ತೆ ಅಲುಗಿರಲಿಕ್ಕಿಲ್ಲ.

ಮುಚ್ಚಳ ತೆಗೆದರೆ ಮೊದಲು ಕಾಣಿಸಿದ್ದು ಧೂಳು. ಮಸ್ಕತ್ತಿನ ಧೂಳು ನಮ್ಮೂರಿನ ಧೂಳಲ್ಲ. ಹಿಟ್ಟಿಗಿಂತ ನಯ, ಮುಟ್ಟಿದರೆ ಬೆರಳಿನ ಗೆರೆಗಳೊಳಗೆ ಕೂರುತ್ತದೆ. ಅದರ ಮೇಲೆ ಕಡಲಿನ ತೇವ. ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಒತ್ತಿಟ್ಟ ಊರು ಇದು. ಬೇಸಗೆಯಲ್ಲಿ ಕನ್ನಡಕದ ಗಾಜು ಹೊರಗೆ ಕಾಲಿಟ್ಟ ಕೂಡಲೇ ಮಂಜಾಗುತ್ತದೆ. ಉಪ್ಪಿನ ಗಾಳಿ ಎಲ್ಲ ಸ್ವಿಚ್ಚುಗಳ ಬೆಳ್ಳಿಯ ತುದಿಗಳನ್ನೂ ಕಪ್ಪು ಮಾಡಿತ್ತು. ಮೆತ್ತನೆಯ ಪೈಂಟ್ ಬ್ರಷ್ಷಿನಲ್ಲಿ ಗುಡಿಸಿ, ಪ್ರತಿ ಗುಂಡಿಯ ಒಳಗೆ ಕಾಂಟ್ಯಾಕ್ಟ್ ಕ್ಲೀನರಿನ ಒಂದೆರಡು ಹನಿ ಬಿಟ್ಟು, ಈ ಕಡೆಯಿಂದ ಆ ಕಡೆಗೆ ಹತ್ತಾರು ಸಲ ತಿರುಗಿಸಿದೆ. ವಾಲ್ಯೂಮ್ ತಿರುಗಿಸಿದಾಗ ಕರಕರ ಎನ್ನುವ ಸೆಟ್ಟುಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ಸರಿಯಾಗುತ್ತವೆ. ಬಾಗಿಲಿನ ಕೀಲಿಗೆ ಬಿಡುವ ಸ್ಪ್ರೇ ಇಲ್ಲಿಗೆ ಆಗುವುದಿಲ್ಲ. ಅದು ಬಿಟ್ಟು ಹೋಗುವ ಜಿಡ್ಡು ಮತ್ತೆ ಧೂಳನ್ನೇ ಕರೆಯುತ್ತದೆ.

ಎಡಗಡೆಯ ದನಿ ಮಾತ್ರ ಇದರಿಂದ ಬರಲಿಲ್ಲ. ಒಂದು ಸೂಚನೆ ಇತ್ತು: ವಾಲ್ಯೂಮನ್ನು ತಟ್ಟನೆ ಜೋರು ಮಾಡಿದರೆ ಒಂದು ಕ್ಷಣ ಎಡ ಸ್ಪೀಕರೂ ಮಾತಾಡಿ ಮತ್ತೆ ಮೌನವಾಗುತ್ತಿತ್ತು. ಮಾವನಿಗೆ ಇದನ್ನು ಹೇಳುವಷ್ಟರಲ್ಲಿ ಅವರು "ರಿಲೇ ನೋಡು" ಎಂದರು. ಈ ರಿಸೀವರುಗಳನ್ನು ಆನ್ ಮಾಡಿದ ಮೇಲೆ ನಾಲ್ಕೈದು ಸೆಕೆಂಡು ಏನೂ ಕೇಳುವುದಿಲ್ಲ; ಆಮೇಲೆ ಒಳಗೆ ಟಕ್ ಎಂಬ ಸದ್ದು. ಅದು ರಿಲೇ. ಒಳಗಿನ ವೋಲ್ಟೇಜುಗಳು ಸ್ಥಿರವಾಗುವ ತನಕ ಸ್ಪೀಕರನ್ನು ದೂರ ಹಿಡಿದಿಟ್ಟು, ಎಲ್ಲ ಸರಿಯಿದ್ದರೆ ಮಾತ್ರ ಸೇರಿಸುತ್ತದೆ. ಅದರ ತುದಿಗಳು ಕಪ್ಪಾದರೆ ಸಣ್ಣ ದನಿ ದಾಟಲಾರದು, ಜೋರಾದ ದನಿ ಆ ಪದರವನ್ನು ಭೇದಿಸಿ ದಾಟುತ್ತದೆ. ಮರಳು ಕಾಗದ ಉಜ್ಜಬಾರದು, ಮೇಲಿನ ತೆಳು ಲೇಪ ಹೋಗುತ್ತದೆ. ಒಂದು ಪಟ್ಟಿ ದಪ್ಪ ಕಾಗದವನ್ನು ಕ್ಲೀನರಿನಲ್ಲಿ ಅದ್ದಿ ಎರಡು ತುದಿಗಳ ನಡುವೆ ಇಟ್ಟು ಎಳೆದೆ. ಕಾಗದ ಕಪ್ಪಾಗಿ ಬಂತು. ಮತ್ತೊಂದು ಪಟ್ಟಿ, ಮತ್ತೊಂದು. ಕೊನೆಯದು ಬಿಳಿಯಾಗಿ ಬಂದಾಗ ಎಡಕ್ಕೂ ಬಲಕ್ಕೂ ದನಿ ಸಮವಾಗಿತ್ತು. ಮುಂದೆ ಹೊಸ ರಿಲೇಯನ್ನೇ ಹಾಕಿದೆ, ಅದು ದುಬಾರಿಯದೇನಲ್ಲ.

ಅಂಕಲ್ಲಿನ ಆ ಎಡದ ಸ್ಪೀಕರ್ ಎಷ್ಟು ವರ್ಷ ಸುಮ್ಮನಿತ್ತೋ ಏನೋ. ಕಾರಣ ಇಷ್ಟೇ ಸಣ್ಣದು. ಹಳೇ ಯಂತ್ರ ಸತ್ತಿದೆ ಎಂದು ನಾವು ತೀರ್ಮಾನಿಸುವುದು ಬಹುಪಾಲು ಸಲ ಒಂದು ಕಪ್ಪಾದ ತುದಿಯನ್ನು, ಒಂದು ಸುಟ್ಟ ಬಲ್ಬನ್ನು ನೋಡಿ. ಸ್ಕ್ರೂ ಬಿಚ್ಚಿ ನೋಡಿದವರು ಮಾತ್ರ ಬೇರೆ ಹೇಳಬಲ್ಲರು. ಮತ್ತು ಇವನ್ನು ಬಿಚ್ಚಲೆಂದೇ ಮಾಡಿದ್ದಾರೆ. ಇದರ ಸರ್ವಿಸ್ ಮ್ಯಾನ್ಯುವಲ್ಲಿನಲ್ಲಿ ಪೂರ್ತಿ ಸರ್ಕೀಟು ಇದೆ. ಯಾವ ಜಾಗದಲ್ಲಿ ಎಷ್ಟು ವೋಲ್ಟ್ ಇರಬೇಕೆಂದು ಗೆರೆಗಳ ಪಕ್ಕದಲ್ಲೇ ಅಚ್ಚು ಹಾಕಿದ್ದಾರೆ. ಟೋಕಿಯೋದಲ್ಲಿ ಕೂತ ಎಂಜಿನಿಯರು ಮತ್ರಾದ ಗಲ್ಲಿಯ ಮೆಕ್ಯಾನಿಕ್ಕನ್ನು ನಂಬಿ ಬರೆದ ಹಾಳೆಗಳವು. ಈಗ ನಮ್ಮ ಮನೆಗಳಿಗೆ ಬರುವ ಅಂಟು ಹಾಕಿ ಮುಚ್ಚಿದ ಸ್ಪೀಕರುಗಳಲ್ಲಿ ಆ ನಂಬಿಕೆ ಇಲ್ಲ. ಅದನ್ನು ಕಳೆದುಕೊಂಡದ್ದು ಸಣ್ಣ ನಷ್ಟ ಎಂದು ನನಗೆ ಅನ್ನಿಸುವುದಿಲ್ಲ.

ಕಂಡೆನ್ಸರುಗಳ ವಿಷಯಕ್ಕೆ ಬರುತ್ತೇನೆ, ಇಲ್ಲಿ ಒಮಾನಿನ ಹವೆಯೇ ಪಾತ್ರಧಾರಿ. ಎಲೆಕ್ಟ್ರೊಲಿಟಿಕ್ ಕಂಡೆನ್ಸರ್ ಎಂದರೆ ಸುರುಳಿ ಸುತ್ತಿದ ಅಲ್ಯೂಮಿನಿಯಂ ಹಾಳೆಗಳು, ನಡುವೆ ದ್ರವದಲ್ಲಿ ತೊಯ್ದ ಕಾಗದ, ಬಾಯಿಗೆ ರಬ್ಬರಿನ ಬಿರಡೆ. ದ್ರವ ಆರಿದರೆ ಅದರ ಕೆಲಸ ಮುಗಿಯಿತು. ಉಷ್ಣತೆ ಹತ್ತು ಡಿಗ್ರಿ ಹೆಚ್ಚಿದರೆ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎನ್ನುವುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ಈಗ ಈ ದೇಶವನ್ನು ನೋಡಿ. ಮಸ್ಕತ್ತಿನ ಆಗ್ನೇಯಕ್ಕಿರುವ ಕುರಿಯಾತ್ ಎಂಬ ಕಡಲ ತೀರದ ಊರಿನಲ್ಲಿ 2018ರ ಜೂನ್ 26ರಂದು ಇಡೀ ಹಗಲು ರಾತ್ರಿಯಲ್ಲಿ ಅತಿ ಕಡಿಮೆ ಉಷ್ಣತೆಯೇ 42.6 ಡಿಗ್ರಿ ಇತ್ತು. ಹೆಚ್ಚಿನದಲ್ಲ, ಕಡಿಮೆಯದು. ಅಂಥ ಊರಿನಲ್ಲಿ ಎಸಿ ಆಫ್ ಮಾಡಿ ರಜೆಗೆ ಊರಿಗೆ ಹೋದ ಮನೆಯ ಮುಚ್ಚಿದ ಕಪಾಟಿನಲ್ಲಿ ಎರಡು ತಿಂಗಳು ಕೂತ ಯಂತ್ರ, ಆನ್ ಮಾಡದಿದ್ದರೂ ಮುದಿಯಾಗುತ್ತದೆ. ಹಾಗಾಗಿ ಯುರೋಪಿನ ತಂಪು ಮನೆಯಿಂದ ಬಂದ ರಿಸೀವರಿಗೆ ಹೇಳುವ ಮಾತನ್ನು ಗಲ್ಫಿನದಕ್ಕೆ ಹೇಳಲಾಗದು.

ಎಲ್ಲ ಕಂಡೆನ್ಸರುಗಳನ್ನೂ ಒಟ್ಟಿಗೆ ಕಿತ್ತು ಹೊಸತು ಹಾಕಬೇಕೆನ್ನುವವರಿದ್ದಾರೆ. ಏನನ್ನೂ ಮುಟ್ಟಬಾರದು, ಮೂಲದ್ದೇ ಇರಲಿ ಎನ್ನುವವರೂ ಇದ್ದಾರೆ. ಮಾವನ ದಾರಿ ಬೇರೆ, ನನ್ನದೂ ಈಗ ಅದೇ: ಅಳೆದು ನೋಡು. ಪವರ್ ಸಪ್ಲೈ ಬೋರ್ಡಿನವು, ಬಿಸಿಯೇರುವ ಹೀಟ್‌ಸಿಂಕಿನ ಹತ್ತಿರ ನಿಂತವು, ದನಿ ದಾಟುವ ದಾರಿಯಲ್ಲಿರುವ ಸಣ್ಣವು ಹೆಚ್ಚಾಗಿ ಬದಲಾಗಲೇಬೇಕು. ದೊಡ್ಡ ಎರಡು ಫಿಲ್ಟರ್ ಕಂಡೆನ್ಸರುಗಳು ಅಳತೆಗೆ ಸರಿ ಬಂದರೆ, ಹೊಟ್ಟೆ ಉಬ್ಬಿರದಿದ್ದರೆ, ಗುಂಯ್ ಎನ್ನದಿದ್ದರೆ ಇನ್ನಷ್ಟು ಕಾಲ ಇರಲಿ. ಒಂದನ್ನು ತೆಗೆದು ಒಂದನ್ನು ಹಾಕಿದ ಮೇಲೆಯೇ ಮುಂದಿನದಕ್ಕೆ ಕೈ. ತೆಗೆಯುವ ಮೊದಲು ಫೋಟೋ. ನೆಗೆಟಿವ್ ಪಟ್ಟೆ ಯಾವ ಕಡೆ ಎಂದು ಎರಡು ಸಲ ನೋಡು. ತಿರುಗಿಸಿ ಹಾಕಿದರೆ ಅದು ಸಿಡಿಯುತ್ತದೆ. ಮತ್ತು ಪ್ಲಗ್ ಕಿತ್ತ ಮೇಲೂ ದೊಡ್ಡ ಕಂಡೆನ್ಸರಿನಲ್ಲಿ ಚಾರ್ಜು ಉಳಿದಿರುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವುದನ್ನು ಮಾವ ಒಪ್ಪುವುದಿಲ್ಲ. ಒಂದು ದಪ್ಪ ರೆಸಿಸ್ಟೆನ್ಸಿನ ಎರಡು ಕಾಲು ತಾಗಿಸಿ ನಿಧಾನಕ್ಕೆ ಇಳಿಸಿ, ಮೀಟರಿನಲ್ಲಿ ನೋಡಿಯೇ ಬೆರಳು ಹಾಕಬೇಕು.

ಬೆಸುಗೆ ಕಲಿಯಲು ಕೆಟ್ಟು ಹೋದ ಸಿಡಿ ಪ್ಲೇಯರೊಂದರ ಬೋರ್ಡು ಸಾಕಾಯಿತು. ತವರ-ಸೀಸದ ತಂತಿ 183 ಡಿಗ್ರಿಯಲ್ಲಿ ಕರಗಲು ತೊಡಗುತ್ತದೆ. ಕಾವನ್ನು ಮೊದಲು ಕಾಲಿಗೂ ತಾಮ್ರದ ಬಿಲ್ಲೆಗೂ ಕೊಟ್ಟು, ಆಮೇಲೆ ತಂತಿ ತಾಗಿಸಿದರೆ ಅದು ತಾನಾಗಿ ಹರಿದು ಕೂರುತ್ತದೆ. ಅವಸರ ಮಾಡಿ ಐರನ್ನಿನ ಮೇಲೇ ಕರಗಿಸಿ ಮೆತ್ತಿದರೆ ಮೇಲೆ ಹೊಳೆದು ಒಳಗೆ ಹಿಡಿದಿರುವುದಿಲ್ಲ. ತಂತಿಯೊಳಗಿನ ರಾಳ ಸುಟ್ಟು ಏಳುವ ಹೊಗೆಗೂ ಸಂಜೆ ಹೊತ್ತು ಒಮಾನಿ ಮನೆಗಳಿಂದ ಬರುವ ಧೋಫಾರಿನ ಲೋಬಾನದ ಹೊಗೆಗೂ ಏನೋ ನೆಂಟಸ್ತನವಿದೆ. ಎರಡೂ ಮರದ ಅಂಟೇ ತಾನೆ. ಲೋಬಾನವನ್ನು ಆಸೆಯಿಂದ ಮೂಸಬಹುದು, ಇದಕ್ಕೆ ಕಿಟಕಿ ತೆರೆದಿಟ್ಟು ಫ್ಯಾನ್ ಹಾಕಬೇಕು.

ಬೋರ್ಡಿನ ಮೇಲೆ ಕಂದು ಬಣ್ಣದ ಗಟ್ಟಿ ಅಂಟು ಕಂಡರೆ ಹುಷಾರಾಗಬೇಕು. ದೊಡ್ಡ ಭಾಗಗಳು ಸಾಗಣೆಯಲ್ಲಿ ಅಲುಗದಿರಲೆಂದು ಆ ಕಾಲದ ಬಹಳ ತಯಾರಕರು ಹಚ್ಚುತ್ತಿದ್ದ ಅಂಟು ಅದು. ಹಚ್ಚಿದಾಗ ತಿಳಿ ಹಳದಿ. ದಶಕಗಳ ಬಿಸಿಗೆ ಕಂದಾಗಿ, ತೇವ ಹೀರಿ, ಪಕ್ಕದ ಡಯೋಡು, ರೆಸಿಸ್ಟೆನ್ಸುಗಳ ಕಾಲನ್ನು ತಿನ್ನತೊಡಗುತ್ತದೆ. ಮರದ ಕಡ್ಡಿಯಲ್ಲಿ ತಾಳ್ಮೆಯಿಂದ ಕೆರೆದೆ. ಅದರ ಅಡಿಯಲ್ಲಿ ಒಂದು ಡಯೋಡಿನ ಕಾಲು ಕೂದಲಿನಷ್ಟು ಉಳಿದಿತ್ತು. ಇನ್ನು ಚಟಪಟ ಸದ್ದು: ಆ ಕಾಲದ ಕೆಲವು ಸಣ್ಣ ಟ್ರಾನ್ಸಿಸ್ಟರುಗಳು, 2ಎಸ್‌ಎ726 ಅಂಥವು, ವಯಸ್ಸಾದಂತೆ ಸದ್ದು ಮಾಡುತ್ತವೆ ಎಂಬುದು ರಿಪೇರಿ ಲೋಕಕ್ಕೆ ಗೊತ್ತಿರುವ ವಿಷಯ. ತಣ್ಣಗೆ ಮಾಡುವ ಸ್ಪ್ರೇಯನ್ನು ಒಂದೊಂದರ ತಲೆಗೆ ಬಿಡುತ್ತ ಹೋದರೆ, ತಪ್ಪಿತಸ್ಥನ ಮೇಲೆ ಬಿದ್ದ ಕೂಡಲೇ ಸದ್ದು ಬದಲಾಗುತ್ತದೆ.

780ರ ಪವರ್ ಭಾಗದಲ್ಲಿ ಬಿಡಿ ಟ್ರಾನ್ಸಿಸ್ಟರುಗಳಿಲ್ಲ. ಎಸ್‌ಟಿಕೆ-0050 ಎಂಬ ಎರಡು ಕಪ್ಪು ಗಟ್ಟಿಗಳಿವೆ, ಒಂದೊಂದು ಚಾನೆಲ್ಲಿಗೆ ಒಂದು. ಇವು ಹೋದರೆ ಕಷ್ಟ, ಏಕೆಂದರೆ ಈಗ ತಯಾರಾಗುವುದಿಲ್ಲ, ಮತ್ತು ಮಾರುಕಟ್ಟೆಯಲ್ಲಿ ಅದೇ ಹೆಸರು ಅಚ್ಚೊತ್ತಿದ ನಕಲಿಗಳು ಬಹಳ. ಸ್ಪೀಕರ್ ತೆಗೆದು, ಆ ಜಾಗದಲ್ಲಿ ಮೀಟರಿನ ಎರಡು ಕಡ್ಡಿ ಇಟ್ಟು ಡಿಸಿ ವೋಲ್ಟೇಜ್ ನೋಡಿದೆ. ಹತ್ತಾರು ಮಿಲಿವೋಲ್ಟಿನೊಳಗೆ ಇದ್ದರೆ ಗಟ್ಟಿಗಳು ಆರೋಗ್ಯವಾಗಿವೆ ಎಂದು ಅರ್ಥ. ವೋಲ್ಟುಗಟ್ಟಲೆ ತೋರಿಸಿದರೆ ಸ್ಪೀಕರಿನ ಕಾಯಿಲ್ ಸುಡುತ್ತದೆ. ಎರಡೂ ಬದಿ ಚೆನ್ನಾಗಿತ್ತು. ಗಟ್ಟಿಗಳ ಬೆನ್ನಿನಿಂದ ಬಿಸಿ ಸಾಗಿಸುವ ಹಳೇ ಬಿಳಿ ಪೇಸ್ಟು ಒಣಗಿ ಸುಣ್ಣವಾಗಿತ್ತು, ಅದನ್ನು ಒರೆಸಿ ಹೊಸತು ಹಚ್ಚಿ ಮತ್ತೆ ಬಿಗಿದೆ. ಅವುಗಳನ್ನು ಅದಕ್ಕಿಂತ ಹೆಚ್ಚು ಕೆಣಕಲಿಲ್ಲ. ಹಾಗೆಯೇ ಟ್ಯೂನರಿನ ಐಎಫ್ ಕಾಯಿಲುಗಳ ಸ್ಕ್ರೂಗಳನ್ನೂ. ಸಿಗ್ನಲ್ ಜನರೇಟರ್ ಇಲ್ಲದವರು ಅವನ್ನು ತಿರುಗಿಸಿದರೆ ಮೊದಲಿದ್ದಲ್ಲಿಗೆ ತರಲಾಗುವುದಿಲ್ಲ.

ಸಾಮಾನು ಹುಡುಕುವ ನೆಪದಲ್ಲಿ ರುವಿ ನನಗೆ ಹೊಸದಾಗಿ ಪರಿಚಯವಾಯಿತು. ಇಷ್ಟು ವರ್ಷ ಚಿನ್ನದಂಗಡಿ, ತರಕಾರಿ, ದೋಸೆ ಹೋಟೆಲಿನ ಬೀದಿಯಾಗಿದ್ದದ್ದರ ಹಿಂದಿನ ಗಲ್ಲಿಗಳಲ್ಲಿ ಮೊಬೈಲ್ ರಿಪೇರಿಯವರ ನಡುವೆ ಒಂದೆರಡು ಕಡೆ ಇನ್ನೂ ಬಿಡಿಭಾಗಗಳ ಸಣ್ಣ ಸಣ್ಣ ಖಾನೆಗಳಿವೆ. ಒಂದು ಕಡೆ ಕೋಝಿಕ್ಕೋಡಿನ ಚೇಟ್ಟನ್, ಇನ್ನೊಂದು ಕಡೆ ಚಿತ್ತಗಾಂಗಿನ ಹುಡುಗ. ನೂರು ಬೈಸಾದ ಕಂಡೆನ್ಸರಿಗಾಗಿ ಹಿಂದಿ, ಮಲಯಾಳ, ಅರಬಿ ಬೆರೆಸಿ ಅರ್ಧ ಗಂಟೆ ಮಾತಾಡಿದ್ದೇವೆ. ನಿಚಿಕಾನ್, ರೂಬಿಕಾನ್‌ಗಳ ಅಸಲಿ ಮಾಲು ಇಲ್ಲಿ ಸಿಗುವುದು ಕಷ್ಟ, ಅವನ್ನು ಹೊರಗಿನಿಂದ ತರಿಸಬೇಕು. ಆದರೆ ಫ್ಯೂಸ್ ಆಕಾರದ 8 ವೋಲ್ಟಿನ ಡಯಲ್ ಬಲ್ಬುಗಳು ಚೇಟ್ಟನ ಡಬ್ಬಿಯೊಂದರ ತಳದಲ್ಲಿ ಸಿಕ್ಕವು. ಎಲ್‌ಇಡಿ ಹಾಕಿದರೆ ಬಿಸಿ ಕಡಿಮೆ, ಬಾಳಿಕೆ ಹೆಚ್ಚು, ನಿಜ. ಆದರೂ ಡಯಲಿನ ಆ ಹಳದಿಗೆ ತಂತಿ ಸುರುಳಿಯ ಬಲ್ಬೇ ಆಗಬೇಕು ಎಂದು ನಾನು ಹಟ ಹಿಡಿದೆ. ಹಿಂದೆ ಮಸ್ಕತ್ತಿನದೇ ವಾದಿ ಕಬೀರಿನಲ್ಲಿ ಶುಕ್ರವಾರ ಬೆಳಿಗ್ಗೆ ಹಳೇ ಸಾಮಾನಿನ ಸಂತೆ ನಡೆಯುತ್ತಿತ್ತು. ದೇಶ ಬಿಟ್ಟು ಹೋಗುವವರ ಟಿವಿ, ಸ್ಟೀರಿಯೋ, ಸೈಕಲ್ಲೆಲ್ಲ ಅಲ್ಲಿಗೆ ಬಂದು ಬೀಳುತ್ತಿದ್ದವು. ಅಲ್ಲಿಂದ ಎಷ್ಟು ರಿಸೀವರುಗಳು ಎಷ್ಟು ಕೈ ದಾಟಿರಬಹುದು!

ಡಯಲ್ ದಾರದ ಕೆಲಸ ಪೂರ್ತಿ ಮಾವನದು. ಟ್ಯೂನಿಂಗ್ ಗುಂಡಿ, ನಿಲಯ ಹಿಡಿಯುವ ಗ್ಯಾಂಗ್ ಕಂಡೆನ್ಸರಿನ ದೊಡ್ಡ ಚಕ್ರ, ನಾಲ್ಕು ಸಣ್ಣ ರಾಟೆಗಳು, ಒಂದು ಸ್ಪ್ರಿಂಗು, ಇವನ್ನೆಲ್ಲ ಒಂದೇ ದಾರ ಹಿಡಿದಿರುತ್ತದೆ. ನನ್ನದು ಸಡಿಲಾಗಿ ಮುಳ್ಳು ಜಾರುತ್ತಿತ್ತು. "ಕಡ್ಡಿಗೆ ಸುತ್ತುವಾಗ ಒಂದರ ಮೇಲೊಂದು ಹತ್ಬಾರ್ದು, ಪಕ್ಕಪಕ್ಕಕ್ಕೆ ಕೂರ್ಬೇಕು" ಎಂದು ಪರದೆಯ ಆ ಬದಿಯಿಂದ ಬೆರಳು ಆಡಿಸಿ ತೋರಿಸಿದರು. ಅವರ ಬೆರಳುಗಳು ಈಗ ನಡುಗುತ್ತವೆ. ಗಾಳಿಯಲ್ಲಿ ದಾರ ಸುತ್ತಿ ತೋರಿಸುವಾಗ ನಡುಗಲಿಲ್ಲ. ಮುಳ್ಳನ್ನು ಡಯಲಿನ ಎಡ ತುದಿಗೆ ಕೂರಿಸಿ ಬಲಕ್ಕೆ ಒಯ್ದಾಗ ಅದು ಅಡೆತಡೆಯಿಲ್ಲದೆ 88ರಿಂದ 108ಕ್ಕೆ ಹೋಯಿತು.

ಇಲ್ಲಿನ ರೇಡಿಯೋದ ಕಥೆಯಲ್ಲಿ ಒಮಾನಿನ ಚರಿತ್ರೆ ಇದೆ ಎನ್ನಬೇಕು. 1970ರ ಜುಲೈ 23ರಂದು ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದರು. ಅದಕ್ಕೆ ಮೊದಲು ಮಸ್ಕತ್ ಕೋಟೆಯ ಬಾಗಿಲು ರಾತ್ರಿ ಮುಚ್ಚುತ್ತಿತ್ತು, ಆಮೇಲೆ ಓಡಾಡುವವರು ಕೈಯಲ್ಲಿ ಲಾಂದ್ರ ಹಿಡಿಯಬೇಕಿತ್ತು. ಹೊಸ ಸುಲ್ತಾನರು ಬಂದ ಒಂದೇ ವಾರದಲ್ಲಿ ಬೈತ್ ಅಲ್ ಫಲಜಿನಲ್ಲಿ ಒಂದು ಕಿಲೋವಾಟಿನ ಸಣ್ಣ ಟ್ರಾನ್ಸ್‌ಮಿಟರಿನಿಂದ ಒಮಾನ್ ರೇಡಿಯೋ ಮಾತಾಡಿತು. ಬೈತ್ ಅಲ್ ಫಲಜ್ ಎಂದರೆ ನಾನು ತರಕಾರಿ ತರುವ ಬೀದಿಗೆ ಹತ್ತಿರವೇ. ಟಿವಿ ಬಂದದ್ದು 1974ರ ನವೆಂಬರಿನಲ್ಲಿ. ಅಂಕಲ್ ಈ ರಿಸೀವರ್ ಕೊಂಡಾಗ ಈ ದೇಶದ ರೇಡಿಯೋಗೆ ಹತ್ತು ವರ್ಷವೂ ತುಂಬಿರಲಿಲ್ಲ. ಪಾಶ್ಚಾತ್ಯ ಸಂಗೀತವನ್ನು ಬಹಳ ಪ್ರೀತಿಸುತ್ತಿದ್ದ ಅದೇ ಸುಲ್ತಾನರು 1985ರಲ್ಲಿ ಒಮಾನಿ ಹುಡುಗ ಹುಡುಗಿಯರದೇ ಸಿಂಫನಿ ವಾದ್ಯಗೋಷ್ಠಿ ಕಟ್ಟಿಸಿದರು. 2011ರಲ್ಲಿ ಮಸ್ಕತ್ತಿಗೆ ಒಪೆರಾ ಹೌಸ್ ಬಂತು.

ಕೆಳಗಿನ ಮಹಡಿಯ ಒಮಾನಿ ನೆರೆಯವರು ಸೂರ್ ಊರಿನವರು. ನಾವಿಕರ ಊರು ಅದು, ನಮ್ಮ ಮಂಗಳೂರಿನ ಅಕ್ಕಿಗೂ ಹೆಂಚಿಗೂ ಹಾಯಿಹಡಗು ಕಟ್ಟಿಕೊಂಡು ಬರುತ್ತಿದ್ದವರ ತೀರ. ಅವರು ಒಂದು ಸಂಜೆ ಕೇಳಿಸಿದ್ದು ಸಾಲಿಂ ರಾಶಿದ್ ಅಲ್ ಸೂರಿಯ ಹಾಡು. ಹಡಗಿನಲ್ಲಿ ದುಡಿಯುತ್ತ ಹಾಡಿದವರು. ಬೊಂಬಾಯಿಗೆ ಬಂದು ಎಚ್‌ಎಂವಿಗೆ ರೆಕಾರ್ಡ್ ಕೊಟ್ಟವರು. ಬಹ್ರೇನಿನಲ್ಲಿ ಸ್ವಂತ ರೆಕಾರ್ಡ್ ಕಂಪನಿ ನಡೆಸಿದವರು. 1971ರಲ್ಲಿ ತಾಯ್ನಾಡಿಗೆ ಮರಳಿದವರು. ಆ ಊದ್ ವಾದ್ಯದ ಮಂದ್ರದ ತಂತಿಯನ್ನು ಫೋನಿನ ಸ್ಪೀಕರಿನಲ್ಲಿ ನಾನು ಮೊದಲೂ ಕೇಳಿದ್ದೆ. ರಿಸೀವರಿಗೆ ಜೋಡಿಸಿದಾಗ ಅದಕ್ಕೆ ಮರದ ಹೊಟ್ಟೆ ಇದೆಯೆಂದು ತಿಳಿಯಿತು. ನೆರೆಯವರು ಖಾವಾದ ಲೋಟ ಕೆಳಗಿಟ್ಟು ಪವರ್ ಮೀಟರಿನ ಮುಳ್ಳುಗಳನ್ನೇ ನೋಡುತ್ತ ಕೂತರು.

ರೇಡಿಯೋದಲ್ಲಿ ಒಂದು ಸೂಕ್ಷ್ಮವಿದೆ. ಎಫ್‌ಎಂ ನಿಲಯದವರು ತಾರಸ್ವರವನ್ನು ಸ್ವಲ್ಪ ಎತ್ತಿ ಕಳಿಸುತ್ತಾರೆ, ರಿಸೀವರು ಅಷ್ಟೇ ಇಳಿಸಿಕೊಳ್ಳುತ್ತದೆ. ಹಾಗೆ ಇಳಿಸುವಾಗ ಗಾಳಿಯ ಸರ್ರೆನ್ನುವ ಸದ್ದೂ ತಗ್ಗುತ್ತದೆ. ಈ ಎತ್ತಿಳಿತದ ಅಳತೆ ಅಮೆರಿಕದಲ್ಲಿ 75 ಮೈಕ್ರೋಸೆಕೆಂಡು, ಯುರೋಪು, ಭಾರತ, ಒಮಾನಿನಲ್ಲಿ 50. ಅಮೆರಿಕದ ಸೆಟ್ಟನ್ನು ಇಲ್ಲಿ ಹಚ್ಚಿದರೆ ತಾಳದ ಕಿಣಿಕಿಣಿ ಮಂಕು ಹೊಡೆಯುವುದು ಅದಕ್ಕೇ. ಹಳೇ ಸೆಟ್ಟು ಕೊಳ್ಳುವವರು ವೋಲ್ಟೇಜಿನ ಜೊತೆಗೆ ಇದನ್ನೂ ಕೇಳಿಕೊಳ್ಳಬೇಕು.

ಕನ್ನಡದ್ದು ಏನು ಹಾಕುವುದೆಂದು ನಾನು ಹೆಚ್ಚು ಯೋಚಿಸಲಿಲ್ಲ. ಈ ರಿಸೀವರ್ ಬಂದ 1978ರಲ್ಲೇ ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ಬಂದದ್ದು: ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ'. ಅಂಕಲ್ ಬಿಟ್ಟು ಹೋದ ರಟ್ಟಿನ ಡಬ್ಬಿಯಲ್ಲಿ ಅದು ಇತ್ತು. ಅದರ ಕೆಳಗೆ ಗುಂಡ್ಮಿ ಕಾಳಿಂಗ ನಾವಡರ ಯಕ್ಷಗಾನದ ಕ್ಯಾಸೆಟ್ಟುಗಳು, ಕೊಂಕಣಿಯವು, ಒಂದೆರಡು ಜಿಮ್ ರೀವ್ಸ್. ಕ್ಯಾಸೆಟ್ ಡೆಕ್ಕಿನ ತಂತಿಗಳನ್ನು ಟೇಪ್ ಎಂದು ಬರೆದ ತೂತುಗಳಿಗೆ ಜೋಡಿಸಿದೆ. ನಾವಡರ ದನಿಗಿಂತ ಮೊದಲು ನನ್ನನ್ನು ಹಿಡಿದದ್ದು ಚೆಂಡೆ. ಟೂ-ಇನ್-ವನ್ನಿನಲ್ಲಿ ಚೆಂಡೆ ಎಂದರೆ ತಗಡಿನ ಸದ್ದು. ಇಲ್ಲಿ ಪೆಟ್ಟು ಬಿದ್ದ ಜಾಗ ಒಂದು, ಅದರ ಅನುರಣನ ಇನ್ನೊಂದು ಕಡೆ, ನಡುವೆ ಗಾಳಿ. ಮಾವನಿಗೆ ಫೋನಿನಲ್ಲೇ ಕೇಳಿಸಲು ಹೋದೆ. "ಫೋನಲ್ಲಿ ಎಂತ ಗೊತ್ತಾಗ್ತದೆ, ಸಾಕು ಮಾಡು. ನಿನಗೆ ಕೇಳ್ತದಲ್ಲ?" ಎಂದರು.

ಗಲ್ಫಿನಲ್ಲಿರುವ ನಾವೆಲ್ಲ ಹೇಳುವ ಮಾತೊಂದಿದೆ: ಇನ್ನೆರಡು ವರ್ಷ. ಎರಡು ವರ್ಷದ ಮನೆಗೆ ಯಾರೂ ಒಳ್ಳೆಯ ಕುರ್ಚಿ ತರುವುದಿಲ್ಲ, ಗೋಡೆಗೆ ಮೊಳೆ ಹೊಡೆಯುವುದಿಲ್ಲ; ಒಳ್ಳೆಯದನ್ನೆಲ್ಲ ಊರಿಗೆ ಕಳಿಸುತ್ತೇವೆ, ಉಳಿದದ್ದರಲ್ಲಿ ನಾವು ಬದುಕುತ್ತೇವೆ. ಅಂಕಲ್ಲಿನ ಪೀಳಿಗೆಯೂ ಹಾಗೇ ಬದುಕಿತು. ಆದರೆ ಅದೇ ಪೀಳಿಗೆಯ ಕೆಲವರು ಎರಡು ತಿಂಗಳ ಸಂಬಳ ಕೊಟ್ಟು, ಯಾವ ವಿಮಾನಕ್ಕೂ ಏರಿಸಲಾಗದ ಈ ಭಾರದ ಯಂತ್ರವನ್ನು ತಂದುಕೊಂಡರು. ಊರಿನವರಿಗೆ ತೋರಿಸಲಿಕ್ಕಲ್ಲ, ಡ್ಯೂಟಿ ಮುಗಿಸಿ ಬಂದ ರಾತ್ರಿ ತಾವೇ ಕೂತು ಕೇಳಲಿಕ್ಕೆ. ಬದುಕುತ್ತಿರುವುದು ಇಲ್ಲೇ ಎಂದು ಅವರು ಒಪ್ಪಿಕೊಂಡದ್ದು ಆ ಕೊಳ್ಳುವಿಕೆಯಲ್ಲಿ ಎಂದು ನಾನು ನಂಬಿದ್ದೇನೆ. ಸೋಲ್ಡರಿಂಗ್ ಐರನ್ ಕೊಂಡ ಮೇಲೆ ನನಗೂ 'ಇನ್ನೆರಡು ವರ್ಷ' ಎಂಬ ಮಾತು ಬಾಯಿಗೆ ಬರುವುದು ಕಡಿಮೆಯಾಗಿದೆ. ಗೋಡೆಗೆ ಮೊಳೆ ಹೊಡೆದು ಸೀರೀಸ್ ಬೋರ್ಡ್ ಕೂರಿಸಿದ್ದೇನೆ.

ಸೂರಿನ ಆ ನೆರೆಯವರು ಮೊನ್ನೆ ಬಾಗಿಲು ತಟ್ಟಿದರು. ಅವರ ತಂದೆಯದೊಂದು ಸಾನ್ಸೂಯಿ ಸೂರಿನ ಮನೆಯ ಉಗ್ರಾಣದಲ್ಲಿದೆಯಂತೆ, ಕುವೈತಿನಲ್ಲಿ ದುಡಿಯುವಾಗ ಕೊಂಡದ್ದು. ಬರುವ ಶುಕ್ರವಾರ ಕಾರಿನಲ್ಲಿ ತರುತ್ತೇನೆ ಎಂದರು. ದಾರಿಯಲ್ಲಿ ಬಿಸಿಲಿಗೆ ಡಿಕ್ಕಿಯಲ್ಲಿ ಇಡಬೇಡಿ, ಹಿಂದಿನ ಸೀಟಿನಲ್ಲಿ ಎಸಿಗೆ ಇಡಿ, ಬೆನ್ನಿನ ಸ್ವಿಚ್ ಯಾವ ಅಂಕಿಯಲ್ಲಿದೆಯೆಂದು ಒಂದು ಫೋಟೋ ಕಳಿಸಿ, ಸಾಕೆಟ್ಟಿಗೆ ಮಾತ್ರ ಹಾಕಬೇಡಿ ಎಂದು ಹೇಳಿ ಕಳಿಸಿದ್ದೇನೆ.